ಹಾಲು ತಿರಸ್ಕರಿಸಿದ್ದು ಯಾರು? ಒಂದು ಬರವಣಿಗೆ ಶಿಬಿರದ ವಿಮರ್ಶೆ

ಮೊದಲ ಭಾನುವಾರಕ್ಕೆ ಐದಕ್ಕೆ ಐದು. ಎರಡನೆಯ ಭಾನುವಾರಕ್ಕೆ ಎರಡು, ಅದೂ ಮಜ್ಜಿಗೆ ಚೆನ್ನಾಗಿತ್ತು ಅಂತ. ಇಷ್ಟು ಸಾಕು ಅನ್ನುವವರು ಇಲ್ಲೇ ನಿಲ್ಲಿಸಬಹುದು. 900 ರೂಪಾಯಿ ಕಟ್ಟುವ ಮುಂಚೆ ಇನ್ನೂ ಸ್ವಲ್ಪ ತಿಳಿದುಕೊಳ್ಳಬೇಕು ಅನ್ನುವವರು ಮುಂದೆ ಓದಿ.

ಮೈಸೂರಿನ ಒಂದು ಖಾಸಗಿ ಸಂಸ್ಥೆ ನಡೆಸುವ ಶಿಬಿರ ಇದು. ಕೆಳಗೆ ಹೊಗಳಿಕೆಯಷ್ಟೇ ಬೈಗುಳವೂ ಇರುವುದರಿಂದ ಹೆಸರು ಹಾಕುವುದಿಲ್ಲ. ಕಚೇರಿ, ಸಂಘ, ಪಂಚಾಯಿತಿಗಳಲ್ಲಿ ಕನ್ನಡದಲ್ಲಿ ಪತ್ರ, ನೋಟಿಸು, ವರದಿ ಬರೆಯುವವರಿಗೆ ‘ಕರ್ತರಿ ಪ್ರಯೋಗದಲ್ಲಿ ಗಟ್ಟಿಯಾಗಿ ಬರೆಯುವುದು’ (‘ರಾಮ ಕೊಂದ’ ಅನ್ನುವಂತೆ, ಮಾಡಿದವರನ್ನು ಹೇಳಿ ಬರೆಯುವುದು) ಕಲಿಸುತ್ತೇವೆ ಅಂತ ಕರಪತ್ರದಲ್ಲಿ ಹಾಕಿದ್ದರು. ಎರಡು ಭಾನುವಾರ, ಬೆಳಗ್ಗೆ ಹತ್ತರಿಂದ ನಾಲ್ಕು, ಊಟ ಅವರದೇ. ಸಭಾಂಗಣ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಂಡಿ ನೋವಿನವರು ಯೋಚಿಸಿ ಹೊರಡಿ. ಫ್ಯಾನ್ ಹಾಕಿದರೆ ಮೇಷ್ಟ್ರ ಮಾತು ಕೇಳುವುದಿಲ್ಲ, ಆರಿಸಿದರೆ ಬೆವರು.

ನಾನು ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಬಟವಾಡೆ ಮಾಡುವುದು ನನ್ನ ಕೆಲಸ ಅಂತ ಊರವರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಬರೆಯುವುದೇ. ಸದಸ್ಯರಿಗೆ ಸೂಚನೆ, ಒಕ್ಕೂಟಕ್ಕೆ ಪತ್ರ, ನಡಾವಳಿ ಪುಸ್ತಕ, ಪ್ರತಿ ವರ್ಷ ಮಹಾಸಭೆಗೆ ವರದಿ. ಎಲ್ಲಕ್ಕೂ ಕಪಾಟಿನಲ್ಲಿ ಹಳೆಯ ನಮೂನೆ ಇದೆ. ‘ಈ ಮೂಲಕ ಎಲ್ಲಾ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ’ ಅಂತ ಶುರುವಾಗಿ ‘ಸೂಕ್ತ ಕ್ರಮ ಜರುಗಿಸಲಾಗುವುದು’ ಅಂತ ಮುಗಿಯುವ ನಮೂನೆ. ದಿನಾಂಕ ಬದಲಾಯಿಸಿ ಅಂಟಿಸಿದರೆ ಆಯಿತು.

ನಮ್ಮ ಸದಸ್ಯೆಯರಲ್ಲಿ ಬಹಳ ಜನ ನೋಟಿಸು ಓದುವುದಿಲ್ಲ, ಕೇಳುತ್ತಾರೆ. ಸಂಜೆ ಹಾಲಿನ ಸಾಲಿನಲ್ಲಿ ನಿಂತಾಗ ಯಾರಾದರೂ ಹುಡುಗಿ ಗಟ್ಟಿಯಾಗಿ ಓದಿ ಹೇಳಬೇಕು. ಓದಿ ಮುಗಿಸಿದ ಮೇಲೆ ‘ಅಂಗಂದ್ರೇನವ್ವ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆಮೇಲೆ ನಾನು ಬಾಯಲ್ಲಿ ಹೇಳುತ್ತೇನೆ. ಬಾಯಲ್ಲಿ ಹೇಳುವುದನ್ನೇ ಕಾಗದದಲ್ಲಿ ಬರೆಯಲು ಯಾರಾದರೂ ಕಲಿಸಿಕೊಡುತ್ತಾರಾ ಅಂತ ನೋಡಲು ಈ ಶಿಬಿರಕ್ಕೆ ಹೋದೆ.

ಮೊದಲ ಭಾನುವಾರದ ಮೇಷ್ಟ್ರು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವ್ಯಾಕರಣ ಅಂತ ಬೋರ್ಡಿನಲ್ಲಿ ಏನನ್ನೂ ಬರೆಯಲಿಲ್ಲ. ನಿಮ್ಮ ಕಚೇರಿಯಿಂದ ತಂದ ಒಂದೊಂದು ಹಾಳೆ ಕೊಡಿ ಅಂದರು. ಪಂಚಾಯಿತಿ ನೌಕರರೊಬ್ಬರು ಕುಡಿಯುವ ನೀರಿನ ಪ್ರಕಟಣೆ ಕೊಟ್ಟರು, ವಕೀಲರ ಗುಮಾಸ್ತರು ಒಂದು ನೋಟಿಸು ಕೊಟ್ಟರು, ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಹೆಂಗಸೊಬ್ಬರು ಪಾರ್ಕಿಂಗ್ ಸುತ್ತೋಲೆ ಕೊಟ್ಟರು. ನಾನು ಕೊಟ್ಟದ್ದು ಕಪಾಟಿನ ನಮೂನೆಗಳಲ್ಲಿ ಒಂದು:

‘ಸಂಜೆ ಸರದಿಯಲ್ಲಿ ಸರಬರಾಜು ಮಾಡಲಾದ ಹಾಲಿನಲ್ಲಿ ಗುಣಮಟ್ಟದ ಕೊರತೆ ಕಂಡುಬಂದಿರುವುದರಿಂದ ಸದರಿ ಹಾಲನ್ನು ತಿರಸ್ಕರಿಸಲಾಗಿದ್ದು, ಮುಂದಿನ ದಿನಗಳಲ್ಲಿ ಗುಣಮಟ್ಟ ಕಾಯ್ದುಕೊಳ್ಳದಿದ್ದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.’

ಮೇಷ್ಟ್ರು ಇದನ್ನು ಓದುತ್ತಾ ಒಂದೊಂದು ಕ್ರಿಯಾಪದ ಬಂದಾಗಲೂ ನಿಲ್ಲಿಸಿ ನನ್ನ ಕಡೆ ನೋಡಿ ‘ಯಾರು?’ ಅಂದರು. ಸರಬರಾಜು ಮಾಡಿದ್ದು ಯಾರು? ಸದಸ್ಯರು. ಕೊರತೆ ಕಂಡದ್ದು ಯಾರಿಗೆ? ಚಿಲ್ಲಿಂಗ್ ಸೆಂಟರಿನ ಲ್ಯಾಬಿನವರಿಗೆ. ತಿರಸ್ಕರಿಸಿದ್ದು ಯಾರು? ಅವರೇ. ಗುಣಮಟ್ಟ ಕಾಯಬೇಕಾದ್ದು ಯಾರು? ಸದಸ್ಯರೂ ಹೌದು, ಕ್ಯಾನು ತೊಳೆಯುವ ನಾವೂ ಹೌದು. ಕ್ರಮ ಜರುಗಿಸುವವರು ಯಾರು? ಇದಕ್ಕೆ ಉತ್ತರ ಇರಲಿಲ್ಲ. ಆ ಸಾಲು ಎಷ್ಟು ವರ್ಷದಿಂದ ನಮ್ಮ ಗೋಡೆಯ ಮೇಲಿದೆಯೋ, ಯಾರೂ ಯಾವತ್ತೂ ಯಾವ ಕ್ರಮವನ್ನೂ ಜರುಗಿಸಿಲ್ಲ. ಊರಿನ ಹೆಂಗಸರಿಗೆ ಇದು ನಮಗಿಂತ ಮುಂಚೆಯೇ ಗೊತ್ತಿತ್ತು. ಆದ್ದರಿಂದಲೇ ಆ ಸಾಲು ಬಂದಾಗ ಯಾರೂ ಕಿವಿಗೊಡುತ್ತಿರಲಿಲ್ಲ.

ಅಲ್ಲೇ ಕೂತು ತಿದ್ದಿ ಬರೆದದ್ದು ಹೀಗಾಯಿತು: ‘ನಿನ್ನೆ ಸಂಜೆ ನಾವು ಕಳಿಸಿದ ಹಾಲಿನಲ್ಲಿ ಎರಡು ಕ್ಯಾನನ್ನು ಚಿಲ್ಲಿಂಗ್ ಸೆಂಟರಿನವರು ವಾಪಸು ಕಳಿಸಿದರು. ಅವರು ಕುದಿಸಿ ನೋಡಿದಾಗ ಹಾಲು ಒಡೆಯಿತು. ಬೆಳಗಿನ ಹಾಲನ್ನು ಸಂಜೆಯದಕ್ಕೆ ಬೆರೆಸಬೇಡಿ. ಕರೆದ ಕೂಡಲೇ ಡೇರಿಗೆ ತನ್ನಿ. ಇನ್ನೊಮ್ಮೆ ವಾಪಸು ಬಂದರೆ ಪ್ರತಿಯೊಬ್ಬರ ಹಾಲನ್ನೂ ನಾನೇ ಬೇರೆಬೇರೆ ಕುದಿಸಿ ನೋಡುತ್ತೇನೆ.’

ಇದನ್ನು ಓದಿ ಹೇಳಿದರೆ ಯಾವ ಅಜ್ಜಿಯೂ ‘ಅಂಗಂದ್ರೇನವ್ವ’ ಅನ್ನುವುದಿಲ್ಲ. ಬೇಕಾದರೆ ಜಗಳಕ್ಕೆ ಬರುತ್ತಾಳೆ.

ವ್ಯಾಕರಣ ಬಂದದ್ದು ಇದಾದ ಮೇಲೆ, ಅದೂ ಬೇಕಾದಷ್ಟೇ. ಹತ್ತನೆಯ ತರಗತಿಯಲ್ಲಿ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಕರ್ಮಣಿ ಪ್ರಯೋಗ ಕಲಿತಿದ್ದೀರಲ್ಲ, ಆ ‘ಅಲ್ಪಟ್ಟ’ ಯಾರ ಮನೆಯ ಮಾತಿನಲ್ಲೂ ಇಲ್ಲ, ಕಚೇರಿಯಲ್ಲೂ ಈಗ ಕಡಿಮೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಂದರು. ನಮ್ಮನ್ನು ಹಿಡಿದಿರುವುದು ಅದರ ತಮ್ಮ: ‘ಮಾಡಲಾಗಿದೆ, ಮಾಡಲಾಯಿತು, ಮಾಡಲಾಗುವುದು’. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಅವರು ತೋರಿಸಿದ ರೀತಿಗೇ ನನ್ನ ಅರ್ಧ ದುಡ್ಡು ವಸೂಲಾಯಿತು. ‘ರಾವಣನು ಕೊಲ್ಲಲ್ಪಟ್ಟನು’ ಅನ್ನುವಲ್ಲಿ ರಾವಣ ಬಂದು ಕರ್ತೃವಿನ ಕುರ್ಚಿಯಲ್ಲಿ ಕೂರುತ್ತಾನೆ. ಇಂಗ್ಲಿಷಿನ ಪ್ಯಾಸಿವ್ ಕೂಡ ಹಾಗೆಯೇ. ಆದರೆ ‘ಹಾಲನ್ನು ತಿರಸ್ಕರಿಸಲಾಗಿದೆ’ ಅನ್ನುವಲ್ಲಿ ಹಾಲಿಗೆ ಇನ್ನೂ ‘ಅನ್ನು’ ಅಂಟಿಕೊಂಡೇ ಇದೆ, ಅದು ಕರ್ಮವಾಗಿಯೇ ಉಳಿದಿದೆ. ಕುರ್ಚಿ ಖಾಲಿ. ಅಲ್ಲಿ ‘ಇಂದ’ ಹಾಕಿ ಒಬ್ಬರ ಹೆಸರು ತರಲು ಹೋದರೂ ವಾಕ್ಯ ಒದ್ದಾಡುತ್ತದೆ: ‘ಲ್ಯಾಬಿನವರಿಂದ ಹಾಲನ್ನು ತಿರಸ್ಕರಿಸಲಾಗಿದೆ.’ ಓದಿ ನೋಡಿ, ಹೇಗಿದೆ.

ನನ್ನ ಪಕ್ಕದ ಅಪಾರ್ಟ್‌ಮೆಂಟ್ ಹೆಂಗಸು ಒಳ್ಳೆಯ ಪ್ರಶ್ನೆ ಕೇಳಿದರು. ಮಾಡಿದವರಿಗಿಂತ ಮಾಡಿಸಿಕೊಂಡದ್ದೇ ಮುಖ್ಯವಾದಾಗ, ಅದನ್ನು ಮೊದಲು ತರಲು ಕರ್ಮಣಿ ಬೇಡವೇ? ಇಂಗ್ಲಿಷಿನಲ್ಲಿ ಬೇಕು, ಯಾಕೆಂದರೆ ಅಲ್ಲಿ ಯಾರು ಹೊಡೆದರು, ಯಾರು ಹೊಡೆಸಿಕೊಂಡರು ಅನ್ನುವುದನ್ನು ಪದಗಳ ಜಾಗವೇ ಹೇಳಬೇಕು ಅಂತ ಮೇಷ್ಟ್ರು ಉತ್ತರ ಕೊಟ್ಟರು. ಕನ್ನಡದಲ್ಲಿ ಆ ಕೆಲಸ ವಿಭಕ್ತಿಯದು. ‘ರಾವಣನನ್ನು ರಾಮ ಕೊಂದ’ ಅಂದರೆ ರಾವಣ ಮೊದಲು ಬಂದ, ಕೊಂದವನೂ ಉಳಿದ. ‘ಮೂರನೇ ಬ್ಲಾಕಿನ ಪಾರ್ಕಿಂಗನ್ನು ಸಮಿತಿ ಮುಚ್ಚಿದೆ’ ಅಂತ ಬರೆಯಿರಿ, ಪಾರ್ಕಿಂಗೇ ಮುಂದೆ ಬಂತಲ್ಲ. ಅಂದರೆ ಇಂಗ್ಲಿಷಿನವರಿಗೆ ಇರುವ ಒಂದು ನ್ಯಾಯವಾದ ನೆಪ ನಮಗೆ ಇಲ್ಲವೇ ಇಲ್ಲ.

ಊಟಕ್ಕೆ ಮುಂಚಿನ ಅಭ್ಯಾಸ ‘ಕನ್ನಂಬಾಡಿ ಕಟ್ಟೆಯನ್ನು ನಿರ್ಮಿಸಲಾಯಿತು’ ಅನ್ನುವ ಸಾಲಿನ ಮೇಲೆ. ಕರ್ತರಿಗೆ ತನ್ನಿ ಅಂದದ್ದೇ ತಡ, ಸಭಾಂಗಣದಲ್ಲಿ ಜಗಳ. ಕೆಲಸ ಶುರುವಾದದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ಹಾಗಾದರೆ ಕಟ್ಟಿದವರು ಯಾರು? ಒಬ್ಬರು ಮಹಾರಾಜರು ಅಂದರು, ಇನ್ನೊಬ್ಬರು ವಿಶ್ವೇಶ್ವರಯ್ಯ ಅಂದರು, ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕಲ್ಲು ಹೊತ್ತವರು ಅಂದ. ಮೇಷ್ಟ್ರು ಮೂರನ್ನೂ ಒಪ್ಪಿಕೊಂಡು, ‘ಕಟ್ಟಿದ’ ಬೇರೆ ‘ಕಟ್ಟಿಸಿದ’ ಬೇರೆ ಅಂತ ನೆನಪಿಸಿದರು. ದೊರೆ ಕಟ್ಟಿಸಿದರು, ಎಂಜಿನಿಯರು ರೂಪಿಸಿದರು, ಕೂಲಿಯವರು ಕಟ್ಟಿದರು. ‘ನಿರ್ಮಿಸಲಾಯಿತು’ ಈ ಮೂವರನ್ನೂ ಒಂದೇ ಏಟಿಗೆ ಅಳಿಸಿತು.

ಆಮೇಲೆ ಶ್ರವಣಬೆಳಗೊಳದ ಗೊಮ್ಮಟನ ಪಾದದ ಹತ್ತಿರದ ಶಾಸನ ನೆನಪಿಸಿದರು: ‘ಶ್ರೀ ಚಾವುಂಡರಾಜಂ ಮಾಡಿಸಿದಂ’. ಹತ್ತನೆಯ ಶತಮಾನದ ಕೊನೆಯ ಭಾಗದ ವಿಗ್ರಹ, ಐವತ್ತು ಅಡಿಗೂ ಮೀರಿದ ಎತ್ತರ, ಮಾಡಿಸಿದವನ ಬಗ್ಗೆ ಆ ಸಾಲಿನಲ್ಲಿ ಇರುವುದು ಇಷ್ಟೇ ಪದ. ಯಾರು, ಏನು ಮಾಡಿದ. ನಾನು ಅಲ್ಲಿಗೆ ಹೋದವಳೇ, ಆದರೆ ಹಾಗೆ ನೋಡಿರಲಿಲ್ಲ. ನಮ್ಮೂರಿನ ಚರಂಡಿಯ ಪಕ್ಕದ ಕಲ್ಲು ನೆನಪಾಯಿತು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಎಲ್ಲರ ಹೆಸರೂ ಅಚ್ಚುಕಟ್ಟಾಗಿ ಕರ್ತರಿಯಲ್ಲಿದೆ. ಅದೇ ಚರಂಡಿ ಕುಸಿದಾಗ ಬಂದ ಉತ್ತರ ಮಾತ್ರ ‘ಶೀಘ್ರದಲ್ಲೇ ದುರಸ್ತಿ ಮಾಡಲಾಗುವುದು’.

ಮಧ್ಯಾಹ್ನದ ಬಿಸಿಬೇಳೆಬಾತಿಗೆ ಉಪ್ಪು ಮುಂದಾಗಿತ್ತು. ಮಜ್ಜಿಗೆಯ ವಿಚಾರ ಆಗಲೇ ಹೇಳಿದ್ದೇನೆ.

ಊಟದ ನಂತರ ಪಂಚಾಯಿತಿ ನೌಕರರು ಎದ್ದು ನಿಂತು, ‘ಸಾರ್, ಇದೆಲ್ಲ ಚೆನ್ನಾಗಿದೆ, ಆದರೆ ನಾನು ಇಂಥವರು ನೀರು ನಿಲ್ಲಿಸಿದರು ಅಂತ ಬರೆದರೆ ಸೋಮವಾರ ಯಾವ ತಾಲ್ಲೂಕಿನಲ್ಲಿರುತ್ತೇನೋ ಗೊತ್ತಿಲ್ಲ’ ಅಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಮೇಷ್ಟ್ರ ಉತ್ತರ ನನಗೆ ಹಿಡಿಸಿತು. ಧೈರ್ಯದ ಭಾಷಣ ಮಾಡಲಿಲ್ಲ. ವ್ಯಕ್ತಿಯ ಹೆಸರು ಬೇಡ, ಹುದ್ದೆ ಹಾಕಿ. ಹುದ್ದೆಯೂ ಕಷ್ಟವಾದರೆ ‘ಪಂಚಾಯಿತಿ’ ಅನ್ನಿ. ಅದೂ ಆಗದಿದ್ದರೆ ಕೊನೆಗೆ ಜನ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನಾದರೂ ಕರ್ತರಿಯಲ್ಲಿ ಬರೆಯಿರಿ ಅಂದರು. ‘ಪೈಪ್ ಒಡೆದಿದೆ. ಬುಧವಾರದವರೆಗೆ ನೀರು ಬರುವುದಿಲ್ಲ. ಟ್ಯಾಂಕರ್ ಬೇಕಾದವರು ನೀರುಗಂಟಿಗೆ ಹೇಳಿ.’ ನೌಕರರು ಅದನ್ನು ಬರೆದುಕೊಂಡರು.

ಒಂದು ಕಡೆ ಮಾತ್ರ ನನಗೂ ಮೇಷ್ಟ್ರಿಗೂ ಹೊಂದಲಿಲ್ಲ. ನಡಾವಳಿಯ ‘ತೀರ್ಮಾನಿಸಲಾಯಿತು’ ಕೂಡ ಹೋಗಬೇಕು, ‘ಸಭೆ ತೀರ್ಮಾನಿಸಿತು’ ಅಂತ ಬರೆಯಬೇಕು ಅಂದರು. ನಮ್ಮ ನಡಾವಳಿಯಲ್ಲಿ ಪ್ರತಿ ನಿರ್ಣಯದ ಕೆಳಗೆ ಸೂಚಕರ ಹೆಸರು, ಅನುಮೋದಕರ ಹೆಸರು ಇರುತ್ತದೆ. ಹಾಜರಿದ್ದವರೆಲ್ಲ ಸಹಿ ಹಾಕಿರುತ್ತಾರೆ. ಅಲ್ಲಿ ಯಾರು ಅನ್ನುವ ಪ್ರಶ್ನೆಗೆ ಪುಟವೇ ಉತ್ತರ ಕೊಡುತ್ತದೆ, ವಾಕ್ಯ ಕೊಡಬೇಕಾಗಿಲ್ಲ. ಅವರು ಪತ್ರಿಕೆಯ ಮನುಷ್ಯ, ಒಂದು ಅಂಕಣದಲ್ಲಿ ಎಲ್ಲವನ್ನೂ ಹೇಳಿ ಮುಗಿಸುವ ಅಭ್ಯಾಸ. ನಾನಂತೂ ನಡಾವಳಿ ಪುಸ್ತಕವನ್ನು ಹಾಗೆಯೇ ಬಿಟ್ಟಿದ್ದೇನೆ. ದೇವಸ್ಥಾನದ ಹುಂಡಿ ಕದ್ದವನು ಯಾರೆಂದು ಗೊತ್ತಿಲ್ಲದಿದ್ದರೆ ‘ಕಳವಾಗಿದೆ’ ಅಂತಲೇ ಬರೆಯಿರಿ, ಕಳ್ಳರನ್ನು ಸುಮ್ಮನೆ ಎಳೆದು ತರಬೇಡಿ ಅಂತ ಅವರೇ ಹೇಳಿದ್ದು. ಅಂದರೆ ಅವರ ನಿಯಮಕ್ಕೂ ಕಿಟಕಿ ಇತ್ತು.

ಈಗ ಎರಡನೆಯ ಭಾನುವಾರ. ಮೇಷ್ಟ್ರಿಲ್ಲ. ಬದಲಿಗೆ ಸಂಸ್ಥೆಯ ಒಬ್ಬ ತರುಣ, ಲ್ಯಾಪ್‌ಟಾಪ್, ಪರದೆ. ಸ್ಲೈಡುಗಳೆಲ್ಲ ಯಾವುದೋ ಇಂಗ್ಲಿಷ್ ತರಬೇತಿಯಿಂದ ಬಂದವು, ಮಧ್ಯೆ ಮಧ್ಯೆ ಕನ್ನಡ ಅಂಟಿಸಿದ್ದರು. ವಾಕ್ಯ ಇಷ್ಟು ಪದ ಮೀರಬಾರದು, ಕರ್ಮಣಿ ಶೇಕಡಾ ಇಷ್ಟರೊಳಗಿರಬೇಕು ಅಂತ ಗುರಿಗಳು. ಹುಡುಗ ಒಳ್ಳೆಯವನೇ, ತಾಳ್ಮೆಯೂ ಇತ್ತು. ಆದರೆ ಅವನ ಕೈಗೆ ಸಂಸ್ಥೆ ಕೊಟ್ಟ ಉಪಕರಣ ನೋಡಿ: ನಮ್ಮ ಬರಹವನ್ನು ಕಂಪ್ಯೂಟರಿಗೆ ಹಾಕಿದರೆ ಅದು ‘ಲಾಗಿದೆ’ ಮತ್ತು ‘ಪಟ್ಟ’ ಅನ್ನುವ ಅಕ್ಷರಗಳನ್ನು ಹುಡುಕಿ ಕೆಂಪು ಬಣ್ಣ ಬಳಿಯುತ್ತದೆ.

ನನ್ನ ವರದಿಯಲ್ಲಿ ‘ಖರೀದಿ ದರ ಬದಲಾಗಿದೆ’ ಅಂತಿತ್ತು, ಕೆಂಪು. ‘ಸದಸ್ಯೆಯರು ಕಷ್ಟಪಟ್ಟು’ ಅಂತಿತ್ತು, ಕೆಂಪು. ಗುಮಾಸ್ತರ ನೋಟಿಸಿನಲ್ಲಿ ಶ್ರೀರಂಗಪಟ್ಟಣ ಇತ್ತು. ಊರಿಗೆ ಊರೇ ಕೆಂಪಾಯಿತು. ನಗು ತಡೆಯಲಾಗಲಿಲ್ಲ. (‘ತಡೆಯಲಾಗಲಿಲ್ಲ’ ಕೂಡ ಅವರ ಲೆಕ್ಕದಲ್ಲಿ ಅನುಮಾನಾಸ್ಪದವೇ ಇರಬೇಕು.)

ಇದು ಬರಿಯ ತಮಾಷೆಯಾಗಿದ್ದರೆ ಅಂಕ ಕಳೆಯುತ್ತಿರಲಿಲ್ಲ. ಆ ತರುಣ ‘ನನಗೆ ಬೇಸರವಾಯಿತು’, ‘ನಮಗೆ ಗೊತ್ತಾಗಲಿಲ್ಲ’ ಅನ್ನುವುದನ್ನೂ ಬದಲಾಯಿಸಿ ‘ನಾನು ಬೇಸರಪಟ್ಟೆ’, ‘ನಾವು ಅರಿತುಕೊಳ್ಳಲಿಲ್ಲ’ ಮಾಡಿ ಅಂದ. ಕನ್ನಡಿಗರಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ. ಅಲ್ಲಿ ಯಾವ ಕರ್ತೃವೂ ಬಚ್ಚಿಟ್ಟುಕೊಂಡಿಲ್ಲ. ನಮ್ಮ ಭಾಷೆ ಅದನ್ನು ಹೇಳುವುದೇ ಹಾಗೆ. ಇಂಗ್ಲಿಷಿನ ಅಳತೆಗೋಲು ಹಿಡಿದು ಇದನ್ನು ತಿದ್ದಹೊರಟರೆ ಗಟ್ಟಿಯಾಗುವುದಿಲ್ಲ, ವಿಚಿತ್ರವಾಗುತ್ತದೆ. ಮೊದಲ ಭಾನುವಾರ ಮೇಷ್ಟ್ರು ಕಟ್ಟಿದ್ದನ್ನು ಎರಡನೆಯ ಭಾನುವಾರ ಸಂಸ್ಥೆಯೇ ಕೆಡವಿತು.

ಇದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಆ ವಿಷಯವನ್ನು ಶಿಬಿರ ಎರಡೂ ದಿನ ತಾನಾಗಿ ಎತ್ತಲಿಲ್ಲ, ಮೇಷ್ಟ್ರ ಬಾಯಲ್ಲೂ ಅದು ಸರಿಯಾಗಿ ಬರಲಿಲ್ಲ. ನನ್ನ ವರದಿಯಲ್ಲಿ ‘ಹಾಲು ತಂಪು ಮಾಡುವ ಯಂತ್ರದ ರಿಪೇರಿಗೆ 18,400 ರೂಪಾಯಿ ಖರ್ಚಾಗಿದೆ’ ಅನ್ನುವ ಸಾಲಿತ್ತು. ಉಪಕರಣ ಅದನ್ನು ಮುಟ್ಟಲಿಲ್ಲ, ಪೂರ್ತಿ ಅಂಕ. ಪಂಚಾಯಿತಿಯವರ ‘ಕಡತ ಕಳೆದುಹೋಗಿದೆ’ ಪಾಸು. ಗುಮಾಸ್ತರ ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಪಾಸು. ವ್ಯಾಕರಣದ ಪ್ರಕಾರ ಇವೆಲ್ಲ ಕರ್ತರಿಯೇ. ದುಡ್ಡು ತಾನೇ ಖರ್ಚಾಗುತ್ತದೆ, ಕಡತ ತಾನೇ ಕಳೆದುಹೋಗುತ್ತದೆ, ಅರ್ಜಿ ತಾನೇ ಹೋಗಿ ಪರಿಶೀಲನೆಯಲ್ಲಿ ಕೂರುತ್ತದೆ. ಯಾರು ಖರ್ಚು ಮಾಡಿದರು, ಯಾರು ಕಳೆದರು, ಯಾರ ಮೇಜಿನ ಮೇಲಿದೆ, ಏನೂ ಗೊತ್ತಾಗುವುದಿಲ್ಲ. ‘ಮಾಡಲಾಗಿದೆ’ಗಿಂತ ‘ಆಗಿದೆ’ ಇನ್ನೂ ಜಾಣ. ಸರ್ಕಾರಿ ಕನ್ನಡವನ್ನು ಗೇಲಿ ಮಾಡುವವರು ‘ಲಾಗಿದೆ’ಯನ್ನು ಹಿಡಿಯುತ್ತಾರೆ, ‘ಆಗಿದೆ’ ಅವರ ಕಣ್ಣ ಮುಂದೆಯೇ ನಡೆದು ಹೋಗುತ್ತದೆ. ನಾನು ಇದನ್ನು ಎತ್ತಿದಾಗ ತರುಣ, ‘ಮೇಡಂ, ಅದು ಆಕ್ಟಿವ್ವೇ, ತೊಂದರೆಯಿಲ್ಲ’ ಅಂದ. ತೊಂದರೆ ಇದೆ. ‘ಯಾರು’ ಅನ್ನುವ ಪ್ರಶ್ನೆ ಕಲಿಸಿಕೊಟ್ಟ ಶಿಬಿರ, ಕೊನೆಗೆ ಆ ಪ್ರಶ್ನೆಯನ್ನು ಬಿಟ್ಟು ಕ್ರಿಯಾಪದದ ಬಾಲ ಹಿಡಿದುಕೊಂಡಿತು.

ಕಲಿತದ್ದು ಊರಲ್ಲಿ ಎಷ್ಟು ಉಪಯೋಗಕ್ಕೆ ಬಂತು ಅಂತ ಕೇಳುವವರಿಗೆ ಒಂದೆರಡು ಉದಾಹರಣೆ. ರಾಜ್ಯ ಸರ್ಕಾರ ಹಾಲಿಗೆ ಲೀಟರಿಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡುವುದು ನಿಮಗೆ ಗೊತ್ತೇ ಇದೆ. ‘ಪ್ರೋತ್ಸಾಹಧನವನ್ನು ಖಾತೆಗೆ ಜಮಾ ಮಾಡಲಾಗುವುದು’ ಅಂತ ಅಂಟಿಸಿದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಯಾವತ್ತು ಕೊಡ್ತೀಯವ್ವ ಅಂತ. ಈಗ ‘ಪ್ರೋತ್ಸಾಹಧನವನ್ನು ಸರ್ಕಾರ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತದೆ. ಸಂಘದ ಬಟವಾಡೆಯಲ್ಲಿ ಅದು ಇರುವುದಿಲ್ಲ’ ಅಂತ ಬರೆದಿದ್ದೇನೆ. ಪ್ರಶ್ನೆ ನಿಂತಿಲ್ಲ, ಆದರೆ ಸರಿಯಾದ ದಿಕ್ಕಿಗೆ ತಿರುಗಿದೆ. ಕಾಲುಬಾಯಿ ಜ್ವರದ ಸೂಚನೆಯೂ ಹಾಗೆಯೇ: ‘ಲಸಿಕೆ ಹಾಕಲಾಗುವುದು’ ಹೋಗಿ ‘ಗುರುವಾರ ಬೆಳಗ್ಗೆ ಡಾಕ್ಟ್ರು ಡೇರಿ ಹತ್ತಿರ ಬರುತ್ತಾರೆ. ನಾಲ್ಕು ತಿಂಗಳು ತುಂಬಿದ ಕರುಗಳನ್ನೂ ಹಿಡಿದುಕೊಂಡು ಬನ್ನಿ’ ಬಂತು.

ಆಡಳಿತ ಮಂಡಳಿಯಲ್ಲಿ ಮಾತ್ರ ಇದು ಅಷ್ಟು ಸಲೀಸಾಗಲಿಲ್ಲ. ರಿಪೇರಿಯ ಸಾಲನ್ನು ‘ಯಂತ್ರ ಕೆಟ್ಟಾಗ ಮಂಡಳಿ ಹೊರಗಿನ ಮೆಕ್ಯಾನಿಕ್‌ನನ್ನು ಕರೆಸಿತು, 18,400 ರೂಪಾಯಿ ಬಿಲ್ಲನ್ನು ಅಧ್ಯಕ್ಷರು ಒಪ್ಪಿದರು, ನಾನು ಪಾವತಿಸಿದೆ’ ಅಂತ ಬರೆದು ಓದಿದೆ. ಲೆಕ್ಕದಲ್ಲಿ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲ, ರಸೀದಿ ಇದೆ. ಆದರೂ ಒಬ್ಬ ನಿರ್ದೇಶಕಿ ಮುಖ ಸಿಂಡರಿಸಿ, ‘ಮೊದಲಿನ ಥರವೇ ಗೌರವವಾಗಿತ್ತು’ ಅಂದರು. ಗೌರವ ಅನ್ನುವುದು ಇಲ್ಲಿ ನಿಜವಾದ ವಾದ. ‘ಕೋರಲಾಗಿದೆ’ ಅಂದರೆ ದೊಡ್ಡವರ ಮಾತು, ‘ಬನ್ನಿ’ ಅಂದರೆ ಪಕ್ಕದ ಮನೆಯವರ ಮಾತು ಅಂತ ನಮಗೆ ಶಾಲೆಯಿಂದಲೇ ಬಂದುಬಿಟ್ಟಿದೆ. ಶಿಬಿರ ಇದಕ್ಕೂ ಏನನ್ನೂ ಹೇಳಿಕೊಡಲಿಲ್ಲ. ನನಗೆ ಆಗ ಹೊಳೆದದ್ದು ಸಂವಿಧಾನದ ಪೀಠಿಕೆ. ಆ ನಿರ್ದೇಶಕಿಯ ಮೊಮ್ಮಗಳೇ ಶಾಲೆಯಲ್ಲಿ ಅದನ್ನು ಓದುತ್ತಾಳೆ. ದೇಶದ ಅಷ್ಟು ದೊಡ್ಡ ಕಾಗದ ‘ನಾವು’ ಅಂತ ಶುರುವಾಗಿ ‘ಅರ್ಪಿಸಿಕೊಂಡಿದ್ದೇವೆ’ ಅಂತ ಮುಗಿಯುತ್ತದೆ, ನಮ್ಮ ಡೇರಿ ಯಂತ್ರದ ರಿಪೇರಿಗೆ ಅದಕ್ಕಿಂತ ಹೆಚ್ಚಿನ ಗೌರವ ಬೇಕಾ ಅಂದೆ. ಸಾಲು ಉಳಿಯಿತು. ‘ಅಧ್ಯಕ್ಷರು’ ಅನ್ನುವ ಪದ ಮಾತ್ರ ‘ಮಂಡಳಿ’ ಆಯಿತು.

ಹೋಗುವವರಿಗೆ: ನಿಮ್ಮ ಕಚೇರಿಯ ಅತ್ಯಂತ ಕೆಟ್ಟ ಹಾಳೆಯನ್ನು ತೆಗೆದುಕೊಂಡು ಹೋಗಿ, ಒಳ್ಳೆಯದನ್ನು ಒಯ್ದರೆ ನಷ್ಟ. ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಫ್ಯಾನಿನ ಕಾರಣಕ್ಕೆ. ಕಥೆ, ಕವನ ಬರೆಯುವವರಿಗೆ ಇದಲ್ಲ. ಶುಲ್ಕವನ್ನು ಎರಡೂ ದಿನಕ್ಕೆ ಸೇರಿಸಿಯೇ ಕಟ್ಟಿಸಿಕೊಳ್ಳುತ್ತಾರೆ; ಮೊದಲ ದಿನಕ್ಕೆ ಮಾತ್ರ ಕಟ್ಟುತ್ತೇನೆ ಅಂತ ಕೇಳಿ ನೋಡಿ. ನೋಂದಣಿಗೆ ಮುಂಚೆ ಫೋನ್ ಮಾಡಿ, ಪತ್ರಿಕೆಯ ಮೇಷ್ಟ್ರು ಈ ತಂಡಕ್ಕೂ ಬರುತ್ತಾರಾ ಅಂತ ಖಚಿತ ಮಾಡಿಕೊಳ್ಳಿ. ‘ವ್ಯವಸ್ಥೆ ಮಾಡಲಾಗುವುದು’ ಅಂದರೆ ದುಡ್ಡು ಕಟ್ಟಬೇಡಿ.